ಕೇಳುವ ಹಾದಿ

ಕಾಗವಾಡದಿಂದ ಮಿರಜ ಬಹುದೂರವಲ್ಲ. ಅಥಣಿ, ರಾಯಬಾಗದ ಜನ ಔಷಧೋಪಚಾರಕ್ಕೆಂದು ಹೋಗಿಬರುವ ಊರದು; ತಂಬೂರಿ ತಯಾರಿಕೆಗೂ ಹೆಸರಾದದ್ದು. ಹಿಂದೂಸ್ತಾನಿ ಗಾಯಕ ಉಸ್ತಾದ್ ಅಬ್ದುಲ್ ಕರೀಂ ಖಾನರು ನೆಲೆಸಿದ್ದು ಅಲ್ಲಿಯೇ. ಕುಂದಗೋಳದ ಸವಾಯಿ ಗಂಧರ್ವರಿಗೆ ಅವರು ಗುರುಗಳು. 1937ರಲ್ಲಿ ಖಾನಸಾಹೇಬರು ತೀರಿಕೊಂಡರು. ಮೂರು ಮೂರು ನಿಮಿಷದ ಧ್ವನಿಮುದ್ರಿಕೆಗಳಲ್ಲಿ ಆ ಕಂಠ ಉಳಿಯಿತು. ಇಂದು ಚಿಕ್ಕೋಡಿ, ನಿಪ್ಪಾಣಿಯ ಮನೆಯೊಂದರಲ್ಲಿ ಕಂಪ್ಯೂಟರಿಗೆ ಬ್ಲೂಟೂತ್ ಸ್ಪೀಕರ್ ಜೋಡಿಸಿದರೆ, ಮುಂಜಾವಿನ ಕೋಣೆಯನ್ನೆಲ್ಲ ಆ ಸ್ವರ ವ್ಯಾಪಿಸುತ್ತದೆ.

ಹಾಗೆ ತುಂಬಿದ ನಾದ ಕೆಲವೊಮ್ಮೆ ಥಟ್ಟನೆ ಸೊರಗುತ್ತದೆ. ತಂಬೂರಿಯ ಅನುರಣನ ಅಳಿದು, ಹಳೆಯ ಟೆಲಿಫೋನಿನಲ್ಲಿ ಕೇಳಿದಂಥ ಸಪೂರ ಧ್ವನಿಯೊಂದು ಉಳಿಯುತ್ತದೆ. ಸ್ಪೀಕರ್ ಕೆಟ್ಟಿತೆಂದು ನಾವು ಭಾವಿಸುತ್ತೇವೆ. ಕೆಟ್ಟಿರುವುದಿಲ್ಲ. ವಿಡಿಯೊ ಸಭೆಯ ತಂತ್ರಾಂಶವೊಂದು ಸ್ಪೀಕರಿನೊಳಗಿನ ಮೈಕನ್ನು ತೆರೆದಿರುತ್ತದೆ, ಅಷ್ಟೆ. ನಮ್ಮ ಮನೆಗಳಲ್ಲಿರುವ ಬಹುಪಾಲು ಸಾಧನಗಳಲ್ಲಿ ಬ್ಲೂಟೂತಿಗೆ ಎರಡು ಹಾದಿ. ಒಂದು ಸ್ಟೀರಿಯೊ, ಅಲ್ಲಿ ನಾದ ಒಂದೇ ದಿಕ್ಕಿಗೆ, ಸಮೃದ್ಧವಾಗಿ ಹರಿಯುತ್ತದೆ. ಇನ್ನೊಂದು ಹ್ಯಾಂಡ್ಸ್‌ಫ್ರೀ, ಅಲ್ಲಿ ಧ್ವನಿ ಹೋಗಲೂ ಬೇಕು, ಬರಲೂ ಬೇಕು, ಆದ್ದರಿಂದ ಎರಡೂ ಕೃಶ. ಮೈಕ್ ತೆರೆದೊಡನೆ ಮೊದಲ ಹಾದಿ ಮುಚ್ಚುತ್ತದೆ. ಯಾರೂ ಮಾತನಾಡಬೇಕಾಗಿಲ್ಲ, ಮಾತಿಗೆ ಸಿದ್ಧವಾಗಿ ನಿಂತರೆ ಸಾಕು.

ನಾವು ಕೇಳುವುದೂ ಬಹುಮಟ್ಟಿಗೆ ಹೀಗೆಯೇ. ಎದುರಿನವರು ಅರ್ಧ ವಾಕ್ಯದಲ್ಲಿರುವಾಗಲೇ ನಮ್ಮೊಳಗೆ ಉತ್ತರ ಎದ್ದು ನಿಂತಿರುತ್ತದೆ. ತುಟಿ ಮೌನ, ಅಂತರಂಗ ಮುಖರ. ಆಗ ನಮಗೆ ದಕ್ಕುವುದು ಮಾತಿನ ಅರ್ಥ ಮಾತ್ರ. ದನಿಯಲ್ಲಿದ್ದ ದಣಿವು, ಅಳುಕು, ಅಕ್ಕರೆ ದಾರಿಯಲ್ಲೇ ಕಳಚಿಹೋಗುತ್ತವೆ. ಇದರಲ್ಲಿ ದುರುದ್ದೇಶವಿಲ್ಲ. ಉತ್ತರವಿಲ್ಲದೆ ಸಿಕ್ಕಿಬೀಳುವ ಭಯ ಎಲ್ಲರಲ್ಲಿಯೂ ಇದೆ. ಕನ್ನಡ, ಮರಾಠಿಗಳೆರಡೂ ಒಂದೇ ಅಂಗಳದಲ್ಲಿ ಕೇಳಿಬರುವ ನಮ್ಮ ಗಡಿಸೀಮೆಯಲ್ಲಿ ಈ ದೌರ್ಬಲ್ಯಕ್ಕೆ ಇನ್ನಷ್ಟು ಆಸ್ಪದ. ಭಾಷೆ ಯಾವುದೆಂದು ಗೊತ್ತಾದೊಡನೆ, ಮಾತೇನೆಂದೂ ಗೊತ್ತಾಯಿತೆಂದುಕೊಳ್ಳುತ್ತೇವೆ.

ಯಂತ್ರಕ್ಕೆ ಪರಿಹಾರ ಸುಲಭ. ಕಂಪ್ಯೂಟರಿನ ಸೌಂಡ್ ಸೆಟ್ಟಿಂಗ್ಸಿನಲ್ಲಿ ಮೈಕಿಗೆ ಬೇರೊಂದು ಸಾಧನವನ್ನು ಆರಿಸಿ, ಸ್ಪೀಕರನ್ನು ಕೇಳಿಸುವುದಕ್ಕಷ್ಟೇ ಬಿಟ್ಟರೆ ತಂಬೂರಿ ಮರಳುತ್ತದೆ. ಮನಸ್ಸಿಗೆ ಅಷ್ಟು ಸುಲಭವಲ್ಲ, ಆದರೂ ಸಾಧ್ಯ. ಮಿರಜದ ದರ್ಗಾದಲ್ಲಿ ಉರುಸಿನ ಹೊತ್ತಿಗೆ ಖಾನಸಾಹೇಬರ ಸ್ಮರಣೆಗೆಂದು ಇಂದಿಗೂ ಸಂಗೀತ ಸೇವೆ ನಡೆಯುತ್ತದೆ. ಅಲ್ಲಿ ಕುಳಿತವರು ಆಲಾಪಕ್ಕೆ ಉತ್ತರ ಹುಡುಕುವುದಿಲ್ಲ. ಈ ಹೊತ್ತು ನಮ್ಮ ಹೊಸ್ತಿಲಿಗೆ ಬಂದವರ ಮೊದಲ ಮಾತನ್ನು, ಅದು ಯಾವ ನುಡಿಯದೇ ಇರಲಿ, ಅವರು ಪೂರ್ತಿ ಆಡಿ ಮುಗಿಸುವವರೆಗೆ ಕೇಳೋಣ.