ಯಾರು ಮೇಲೆ, ಯಾರು ಕೆಳಗೆ?

ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಅಡಿಕೆಯನ್ನು ದರ್ಜೆವಾರು ಬೇರೆ ಮಾಡುವುದಕ್ಕೆ ಗಾರ್ಬಲು ಎನ್ನುತ್ತೇವೆ. ಈ ಮಣ್ಣಿನಲ್ಲೇ ಹುಟ್ಟಿದ ಮಾತೋ ಎಂಬಷ್ಟು ಅದು ನಾಲಗೆಗೆ ಒಗ್ಗಿದೆ. ಆದರೆ ಅದು ಬಹುದೂರದಿಂದ ಬಂದ ಪದ. ಅರಬ್ಬಿಯಲ್ಲಿ ‘ಘರ್ಬಲ’ ಎಂದರೆ ಜರಡಿ ಹಿಡಿಯುವುದು. ಸಾಂಬಾರ ಪದಾರ್ಥಗಳ ವ್ಯಾಪಾರಿಗಳೊಡನೆ ಅದು ಇಟಲಿಗೆ ಹೋಯಿತು, ಇಂಗ್ಲಿಷಿಗೆ ಹೋಯಿತು, ನಮ್ಮ ಮಂಡಿಗಳಿಗೂ ಬಂತು. ಇಂಗ್ಲಿಷಿನಲ್ಲಿ ಮಾತ್ರ ಅದರ ಗತಿ ವಿಚಿತ್ರವಾಯಿತು. ಕಸ ತೆಗೆದು ಶುದ್ಧ ಮಾಡುವುದು ಎಂಬ ಅರ್ಥ ಹಿಂದೆ ಸರಿದು, ಬೇಕಾದ್ದನ್ನಷ್ಟೇ ಹೆಕ್ಕಿ ಒಬ್ಬರ ಮಾತನ್ನು ತಿರುಚುವುದು ಎಂಬ ಅರ್ಥ ಮುಂದೆ ಬಂತು. ಹೆಕ್ಕುವ ಕೆಲಸ ಎಷ್ಟು ಬೇಗ ಕೆಡಿಸುವ ಕೆಲಸವಾಗಬಹುದು ಎಂಬುದನ್ನು ಆ ಪದವೇ ಅನುಭವಿಸಿ ಹೇಳುವಂತಿದೆ.

ಕಂಪ್ಯೂಟರಿನವರು ಇದೇ ಕೆಲಸಕ್ಕೆ ‘ಸಾರ್ಟ್’ ಎನ್ನುತ್ತಾರೆ. ಅದರ ಬೇರು ಲ್ಯಾಟಿನ್ನಿನ ‘ಸೋರ್ಸ್’. ಅದಕ್ಕೆ ಚೀಟಿ ಎತ್ತಿದಾಗ ಬಂದ ಪಾಲು, ಹಣೆಬರಹ ಎಂದೆಲ್ಲ ಅರ್ಥ. ಗುಂಡಿಯೊಂದನ್ನು ಒತ್ತಿ ಹೆಸರುಗಳನ್ನು ಸಾಲಾಗಿ ಇಳಿಸುವಾಗ ಹಣೆಬರಹದ ಮಾತು ಯಾರ ನೆನಪಿಗೆ ಬರುತ್ತದೆ?

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಊರಿಗೆ ಬಂದಾಗ ಇದನ್ನೇ ಕೇಳಿದೆ. “ಟೀಚರ್, ಅದರೊಳಗೆ ಒಂದು ತಮಾಷೆಯ ಹೆಸರುಂಟು” ಎಂದು ಕಾಗದದ ಮೇಲೆ ಬರೆದು ತೋರಿಸಿದ. ಚಿಕ್ಕದು, ಸಮ, ದೊಡ್ಡದು ಎಂಬ ಮೂರು ಗಣಿತದ ಗುರುತುಗಳನ್ನು ಅಂಟಿಸಿ ಬರೆದರೆ ಒಂದು ಚಿಹ್ನೆ. ಪರ್ಲ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಅದನ್ನು ಕಂಡ ರ್‍ಯಾಂಡಲ್ ಶ್ವಾರ್ಟ್ಜ್ ಎಂಬವರಿಗೆ ಹಳೆಯ ‘ಸ್ಟಾರ್ ಟ್ರೆಕ್’ ಕಂಪ್ಯೂಟರ್ ಆಟದ ಆಕಾಶನೌಕೆ ನೆನಪಾಯಿತಂತೆ. ಆ ಹೆಸರೇ ನಿಂತಿತು. 2015ರಲ್ಲಿ ಪಿಎಚ್‌ಪಿ ಭಾಷೆಗೂ, 2020ರಲ್ಲಿ ಸಿ ಪ್ಲಸ್ ಪ್ಲಸ್‌ಗೂ ಆ ನೌಕೆ ಬಂದಿಳಿಯಿತು.

ನನಗೆ ಅದರಲ್ಲಿ ಕಂಡದ್ದು ನೌಕೆಯಲ್ಲ, ತಕ್ಕಡಿ. ಎರಡು ವಸ್ತುಗಳನ್ನು ಕೊಟ್ಟರೆ ಎಡದ್ದು ಕಡಿಮೆಯೋ, ಸಮವೋ, ಹೆಚ್ಚೋ ಎಂದಷ್ಟೇ ಅದು ಹೇಳುತ್ತದೆ. ಸಾವಿರ ಹೆಸರುಗಳ ಸಾಲೂ ಇಂಥ ಎರಡೆರಡರ ಹೋಲಿಕೆಯಿಂದಲೇ ಆಗಬಹುದು. ಆದರೆ ಯಾವುದರಲ್ಲಿ ಕಡಿಮೆ, ಯಾವುದರಲ್ಲಿ ಹೆಚ್ಚು? ಅದನ್ನು ಮನುಷ್ಯನೇ ಮೊದಲು ಹೇಳಿಕೊಡಬೇಕು. ಯಂತ್ರದ ನ್ಯಾಯವೆಲ್ಲ ಆಮೇಲಿನದು.

ಈ ‘ಯಾವುದರಲ್ಲಿ’ ಎಂಬುದು ಸಣ್ಣ ಮಾತಲ್ಲ. ನಾವು ಮಕ್ಕಳಿಗೆ ವರ್ಣಮಾಲೆ ಕಲಿಸುವಾಗ ಹಕಾರದ ನಂತರ ಳಕಾರ ಬರುತ್ತದೆ. ಯುನಿಕೋಡಿನ ಸಂಖ್ಯಾಪಟ್ಟಿಯಲ್ಲಿ ಳಕಾರ ಲಕಾರದ ಬಗಲಲ್ಲೇ, ವಕಾರಕ್ಕಿಂತ ಮೊದಲು ಕುಳಿತಿದೆ. ಬರೀ ಆ ಸಂಖ್ಯೆಗಳನ್ನು ನಂಬಿದರೆ ‘ಕಳಸ’ ಮೊದಲು, ‘ಕವನ’ ಆಮೇಲೆ. ನಮ್ಮ ಶಾಲೆಯ ಲೆಕ್ಕದಲ್ಲಿ ‘ಕವನ’ ಮೊದಲು. ಅಂಕೆಗಳನ್ನು ಅಕ್ಷರಗಳೆಂದು ತಿಳಿದರಂತೂ ಒಂದರ ನಂತರ ಹತ್ತು, ಆಮೇಲೆ ಎರಡು! ಯಂತ್ರ ತಪ್ಪಲಿಲ್ಲ. ಅದು ಹೇಳಿದಷ್ಟನ್ನು ಮಾಡಿತು.

ಇನ್ನು ಅಡಿಕೆಗೆ ಬರೋಣ. ಗಾರ್ಬಲಿನ ರಾಶಿಯ ಮುಂದೆ ಕುಳಿತ ಹೆಂಗಸರ ಬೆರಳುಗಳನ್ನು ನೋಡಬೇಕು. ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ಕ್ಷಣದಲ್ಲಿ ಬೇರೆಯಾಗುತ್ತವೆ. ಒಡೆದದ್ದಕ್ಕೊಂದು ಹೆಸರು, ಕಪ್ಪಾದದ್ದಕ್ಕೊಂದು ಹೆಸರು. ಆದರೆ ಕರಿಗೋಟನ್ನೂ ಯಾರೂ ಬಿಸಾಡುವುದಿಲ್ಲ. ಪೇಪರಿನ ಧಾರಣೆಯಲ್ಲಿ ಅದಕ್ಕೂ ಒಂದು ಸಾಲುಂಟು. ಇನ್ನೂ ಒಂದು ಸಂಗತಿ: ಈ ವರ್ಷದ ‘ಹೊಸ ಅಡಿಕೆ’ಯನ್ನು ಜೋಪಾನವಾಗಿ ಇಟ್ಟರೆ ಬರುವ ವರ್ಷ ಅದೇ ‘ಹಳೆ ಅಡಿಕೆ’, ಸಾಮಾನ್ಯವಾಗಿ ದರವೂ ಮೇಲೆ. ಅಡಿಕೆಯ ದರ್ಜೆಗೂ ಕಾಲದ ಮಿತಿಯಿದೆ ಎಂದು ನಮ್ಮ ಕೃಷಿಕರಿಗೆ ಗೊತ್ತು.

ಮಕ್ಕಳ ವಿಷಯದಲ್ಲಿ ಈ ತಿಳಿವಳಿಕೆ ಎಲ್ಲಿ ಹೋಗುತ್ತದೆ? ಪರೀಕ್ಷೆ ಮುಗಿದ ಕೂಡಲೇ ಅಂಕಗಳನ್ನು ಇಳಿಕೆ ಕ್ರಮದಲ್ಲಿ ಅಚ್ಚು ಹಾಕಿ ಗೋಡೆಗೆ ಅಂಟಿಸುವ ಶಾಲೆಗಳನ್ನು ನೋಡಿದ್ದೇನೆ. ಹಿಂದೆ ಇಡೀ ದಿನ ಬೇಕಾಗುತ್ತಿದ್ದ ಕೆಲಸ ಈಗ ಕಣ್ಣುಮಿಟುಕಿಸುವುದರೊಳಗೆ ಆಗುತ್ತದೆ. ಸುಲಭವಾಯಿತೆಂದೇ ಪದೇ ಪದೇ ಮಾಡುತ್ತೇವೆ. ಕೊನೆಯ ಹೆಸರಿನ ಹುಡುಗ ಆ ಗೋಡೆಯ ಪಕ್ಕದಲ್ಲಿ ನಡೆಯದೆ ಅಂಗಳ ಸುತ್ತಿ ತರಗತಿಗೆ ಬರುತ್ತಾನೆ. ಅಡಿಕೆಗೆ ತನ್ನ ದರ್ಜೆಯ ಹೆಸರು ಕೇಳಿಸುವುದಿಲ್ಲ. ಮಗುವಿಗೆ ಕೇಳಿಸುತ್ತದೆ, ಕೇಳಿಸಿಕೊಂಡು ಹಾಗೆಯೇ ಆಗಿಬಿಡುವುದೂ ಉಂಟು.

ಹಾಗಾದರೆ ವಿಂಗಡಣೆಯೇ ಬೇಡವೇ? ಹಾಗೆಂದರೆ ಸುಳ್ಳಾದೀತು. ಯಾರಿಗೆ ಓದಲು ಬರುವುದಿಲ್ಲ ಎಂದು ಬೇರೆ ಮಾಡಿ ನೋಡದೆ ಅವರಿಗೆ ಕಲಿಸುವುದು ಹೇಗೆ? ಆಸ್ಪತ್ರೆಯಲ್ಲಿ ಹೆಚ್ಚು ನೋವಿನವರನ್ನು ಮೊದಲು ಒಳಗೆ ಕರೆಯುವುದೂ ವಿಂಗಡಣೆಯೇ. ಅಲ್ಲಿ ಸಾಲು ಮಾಡುವುದು ಸಾಲಿನ ತುದಿಯವರ ಸಲುವಾಗಿ. ಗೋಡೆಯ ಪಟ್ಟಿ ಯಾರ ಸಲುವಾಗಿ? ಮೊದಲ ಮೂವರ ಹೆತ್ತವರಿಗೆ ಸಂತೋಷ, ಶಾಲೆಗೆ ಹೆಸರು. ಕೊನೆಯ ಮೂವರಿಗೆ ಅದರಿಂದ ಏನು ಸಿಕ್ಕಿತು ಎಂದು ಕೇಳಿದರೆ ಉತ್ತರವಿಲ್ಲ.

ಅಕ್ಷರ ಕ್ರಮ ಇದಕ್ಕಿಂತ ಎಷ್ಟೋ ಮೇಲು. ಅನಿತಾ ಮೊದಲು ಬಂದಳೆಂದು ಹರಿಣಾಕ್ಷಿಗಿಂತ ಜಾಣೆ ಎಂದು ಯಾರೂ ತಿಳಿಯುವುದಿಲ್ಲ. ಆದರೂ ಹತ್ತು ವರ್ಷ ಮೌಖಿಕ ಪರೀಕ್ಷೆಗೆ ಅನಿತಾಳೇ ಮೊದಲು ನಡುಗಬೇಕು, ಹರಿಣಾಕ್ಷಿಯೇ ಸಂಜೆಯ ತನಕ ಹಸಿದು ಕಾಯಬೇಕು. ಯಾವ ಕ್ರಮವೂ ಪೂರ್ತಿ ನಿರಪರಾಧಿಯಲ್ಲ. ಅದಕ್ಕೇ ನಾನು ಹಾಜರಿಯನ್ನು ಆಗಾಗ ಕೆಳಗಿನಿಂದ ಕರೆಯುತ್ತೇನೆ. ಮಕ್ಕಳು ನಗುತ್ತಾರೆ, ಹರಿಣಾಕ್ಷಿಯಂಥವರು ಬೆಚ್ಚಿ “ಪ್ರೆಸೆಂಟ್ ಟೀಚರ್” ಎನ್ನುತ್ತಾರೆ.

ಹೊಸದಾಗಿ ಬರುವ ಶಿಕ್ಷಕಿಯರಿಗೆ ನಾನು ಹೇಳುವುದಿಷ್ಟೇ: ಪಟ್ಟಿ ಮಾಡಿರಿ, ಆದರೆ ಅದು ನಿಮ್ಮ ಮೇಜಿನೊಳಗಿರಲಿ. ಅದನ್ನು ಕೆಳಗಿನ ಹೆಸರಿನಿಂದ ಓದಲು ತೊಡಗಿರಿ. ಮುಂದಿನ ಪರೀಕ್ಷೆ ಬಂದಾಗ ಹಳೆಯದನ್ನು ಹರಿದುಹಾಕಿರಿ.