ತೆರೆದ ಮನಸ್ಸಿನ ಬಗ್ಗೆ ಶಿಕ್ಷಕರನ್ನು ಕೇಳುವ ಬಗೆ

ತನ್ನ ನಿಲುವಿಗೆ ವಿರುದ್ಧವಾದ ಸಾಕ್ಷ್ಯ ಎದುರಾದಾಗ ಅದನ್ನು ತೂಗಿ ನೋಡುವ, ಬೇಕಾದರೆ ನಿಲುವನ್ನೇ ತಿದ್ದಿಕೊಳ್ಳುವ ಸಿದ್ಧತೆಗೆ ತೆರೆದ ಮನಸ್ಸು ಎನ್ನುತ್ತಾರೆ. ಯಾರು ಏನು ಹೇಳಿದರೂ ತಲೆಯಾಡಿಸುವ ಸ್ವಭಾವ ಬೇರೆ. ಅಮೆರಿಕದ ತತ್ತ್ವಜ್ಞಾನಿ ಜಾನ್ ಡ್ಯೂಯಿ 1916ರ ‘ಡೆಮಾಕ್ರಸಿ ಅಂಡ್ ಎಜುಕೇಷನ್’ ಗ್ರಂಥದಲ್ಲಿ ತೆರೆದ ಮನಸ್ಸನ್ನು ಖಾಲಿ ಮನಸ್ಸಿನಿಂದ ಸ್ಪಷ್ಟವಾಗಿ ಬೇರ್ಪಡಿಸಿದ್ದಾರೆ.

ವಿದ್ಯಾರ್ಥಿಗಳಲ್ಲಿ ಈ ಗುಣವನ್ನು ಶಿಕ್ಷಕರು ಹೇಗೆ ಬೆಳೆಸುತ್ತಾರೆಂದು ಸಮೀಕ್ಷೆ ಮಾಡಹೊರಟವರಿಗೆ ಮೊದಲ ತೊಡಕು ಪದದ್ದೇ. ಕನ್ನಡದಲ್ಲಿ ‘ವಿಶಾಲ ಮನಸ್ಸು’ ಎಂದೊಡನೆ ಔದಾರ್ಯ, ಸಹನೆ, ಭೇದವೆಣಿಸದ ನಡತೆ ನೆನಪಾಗುತ್ತವೆ. ಅವು ದೊಡ್ಡ ಗುಣಗಳೇ. ಆದರೆ ಎಲ್ಲ ಮಕ್ಕಳನ್ನೂ ಅಕ್ಕರೆಯಿಂದ ಕಾಣುವ ಶಿಕ್ಷಕರೂ ತಮ್ಮ ವಿವರಣೆಯನ್ನು ಪ್ರಶ್ನಿಸಿದ ಹುಡುಗಿಯ ಬಾಯಿ ಮುಚ್ಚಿಸಬಹುದು. ಆದ್ದರಿಂದ ಪ್ರಶ್ನಾವಳಿಯಲ್ಲಿ ಆ ಪದ ಬಾರದಿರುವುದೇ ಮೇಲು.

ಎರಡನೆಯ ತೊಡಕು ಇನ್ನೂ ಆಳದ್ದು. ‘ಮಕ್ಕಳು ಪ್ರಶ್ನೆ ಕೇಳುವುದನ್ನು ಪ್ರೋತ್ಸಾಹಿಸುತ್ತೀರಾ?’ ಎಂದರೆ ಇಲ್ಲವೆನ್ನುವವರು ಯಾರು? ಮೆಚ್ಚುಗೆಯಾಗುವ ಉತ್ತರವನ್ನೇ ಕೊಡುವ ಈ ಒಲವನ್ನು ಅಳೆಯಲು ಕ್ರೌನ್ ಮತ್ತು ಮಾರ್ಲೋ ಎಂಬ ಮನಶ್ಶಾಸ್ತ್ರಜ್ಞರು 1960ರಲ್ಲೇ ಮಾಪಕವೊಂದನ್ನು ರೂಪಿಸಿದ್ದರು. ‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಒಪ್ಪುವುದೇ ಇಲ್ಲ’ದವರೆಗಿನ ಲೈಕರ್ಟ್ ಮೆಟ್ಟಿಲುಗಳನ್ನು ಜೋಡಿಸಿದರೂ ಇಂಥ ಪ್ರಶ್ನೆ ಸುಧಾರಿಸದು. ಅಭಿಪ್ರಾಯ ಬಿಟ್ಟು ನಡೆದದ್ದನ್ನು ಕೇಳಬೇಕು: ವಿದ್ಯಾರ್ಥಿಯೊಬ್ಬರ ಮಾತಿನಿಂದಾಗಿ ಹಿಂದಿನ ತಿಂಗಳು ನಿಮ್ಮ ವಿವರಣೆಯನ್ನು ತಿದ್ದಿಕೊಂಡ ಸಂದರ್ಭ ಇದೆಯೇ? ಇದ್ದರೆ ಏನಾಯಿತು?

ಕಲ್ಪಿತ ಸನ್ನಿವೇಶವೂ ಉಪಯುಕ್ತ. ಗ್ರಹಣದ ಪಾಠ ನಡೆದಿದೆ. ಒಬ್ಬ ಹುಡುಗ ಎದ್ದು, ‘ನಮ್ಮಜ್ಜಿ ಅನ್ನದ ಪಾತ್ರೆಗೆ ದರ್ಭೆ ಹಾಕ್ತಾರೆ, ಇಲ್ದಿದ್ರೆ ಅನ್ನ ಕೆಡುತ್ತಂತೆ’ ಎನ್ನುತ್ತಾನೆ. ಶಿಕ್ಷಕರು ಏನು ಮಾಡುತ್ತಾರೆ? ‘ಅದು ಮೂಢನಂಬಿಕೆ’ ಎಂದು ಪಾಠ ಮುಂದುವರಿಸುವುದು ಒಂದು ದಾರಿ. ‘ಅವರವರ ನಂಬಿಕೆ ಅವರಿಗೆ’ ಎನ್ನುವುದು ಇನ್ನೊಂದು. ದರ್ಭೆ ಹಾಕಿದ, ಹಾಕದ ಎರಡು ಬಟ್ಟಲು ಅನ್ನವಿಟ್ಟು ನೋಡುವುದು ಹೇಗೆಂದು ತರಗತಿಯನ್ನೇ ಕೇಳುವುದು ಮತ್ತೊಂದು. ಮೊದಲ ಉತ್ತರದಲ್ಲಿ ತೀರ್ಮಾನ ಸರಿಯಿದ್ದರೂ ಹುಡುಗನಿಗೆ ದಕ್ಕುವುದು ಶಿಕ್ಷಕರ ಮಾತಷ್ಟೇ. ಎರಡನೆಯದು ಸೌಜನ್ಯದಂತೆ ಕಂಡರೂ ವಿಚಾರಕ್ಕೆ ಅಲ್ಲೇ ತೆರೆ ಎಳೆಯುತ್ತದೆ. ಮೂರೂ ಆಯ್ಕೆಗಳು ಗೌರವಯುತವಾಗಿ ತೋರುವಂತೆ ಬರೆದರೆ ಮಾತ್ರ ಉತ್ತರಕ್ಕೆ ಬೆಲೆ. ಭಾರತದ ಸಂವಿಧಾನದ 51ಎ(ಎಚ್) ವಿಧಿ ಮೂಲಭೂತ ಕರ್ತವ್ಯವೆಂದು ಹೆಸರಿಸುವ ವೈಜ್ಞಾನಿಕ ಮನೋಭಾವ, ಜಿಜ್ಞಾಸೆಗಳು ತರಗತಿಯಲ್ಲಿ ಪರೀಕ್ಷೆಗೊಳಗಾಗುವುದು ಇಂಥ ಗಳಿಗೆಯಲ್ಲೇ.

ಅಡ್ಡಿಗಳನ್ನೂ ಕೇಳದಿದ್ದರೆ ಶಿಕ್ಷಕರಿಗೆ ಅನ್ಯಾಯವಾಗುತ್ತದೆ. ಪೋರ್ಷನ್ ಮುಗಿಸುವ ಒತ್ತಡ, ತುಂಬಿದ ತರಗತಿ, ಪೋಷಕರ ಆಕ್ಷೇಪದ ಭಯ, ಇವು ಬಟ್ಟಲು ಇಡುವ ಮನಸ್ಸಿದ್ದವರನ್ನೂ ತಡೆಯುತ್ತವೆ.

ಹೆಸರು ಕೇಳದಿರುವುದು ಅಗತ್ಯ, ಆದರೆ ಸಾಲದು. ತುಂಬಿದ ನಮೂನೆ ಮುಖ್ಯ ಶಿಕ್ಷಕರ ಮೇಜಿನ ಮೇಲೆ ಹಾದುಹೋಗುವುದಾದರೆ ಎಲ್ಲರೂ ಜಾಗರೂಕರಾಗುತ್ತಾರೆ; ಲಕೋಟೆ ನೇರವಾಗಿ ಸಮೀಕ್ಷಕರಿಗೇ ತಲುಪಬೇಕು. ಅದಕ್ಕೂ ಮೊದಲು ಕೆಲವು ಶಿಕ್ಷಕರ ಎದುರು ಕುಳಿತು, ಪ್ರತಿ ಪ್ರಶ್ನೆಯನ್ನೂ ಅವರಿಂದಲೇ ಗಟ್ಟಿಯಾಗಿ ಓದಿಸಿ, ಏನು ಅರ್ಥವಾಯಿತೆಂದು ಕೇಳಬೇಕು. ಅವರು ತಡವರಿಸಿದ ಕಡೆಯಲ್ಲೆಲ್ಲ ಪ್ರಶ್ನೆಯನ್ನು ಹೊಸದಾಗಿ ಬರೆಯಬೇಕಾಗುತ್ತದೆ.