ಗಂಟು ಕಟ್ಟಿದವನ ಋಣ

ನಮ್ಮ ತಂದೆಯವರ ಕಾಗದಗಳನ್ನು ಊರಮನೆಯಲ್ಲಿ ಗೆದ್ದಲು ತಿಂದು ವರ್ಷಗಳಾದುವು. ಅಮೆರಿಕದಲ್ಲಿದ್ದ ನಮ್ಮಣ್ಣ 1990ರ ದಶಕದಲ್ಲಿಯೇ ಅವುಗಳ ಚಿತ್ರ ತೆಗೆದು, ತನ್ನ ಮ್ಯಾಕಿಂಟಾಷ್ ಕಂಪ್ಯೂಟರಿನಲ್ಲಿ ಒಂದೇ ಗಂಟಾಗಿ ಕಟ್ಟಿಟ್ಟಿದ್ದ. ಅವನು ತೀರಿಕೊಂಡ ಮೇಲೆ ಅತ್ತಿಗೆ ಅದನ್ನು ನನಗೆ ಕಳುಹಿಸಿದರು. ನನ್ನ ಯಂತ್ರ ಅದನ್ನು ಬಿಚ್ಚಲೊಲ್ಲದು. ಗೆದ್ದಲಿನ ಬಾಯಿಂದ ಉಳಿದದ್ದು ಬೀಗದ ಪಾಲಾಯಿತೆ ಎಂದು ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ.

ಇಂಥ ಗಂಟಿನಲ್ಲಿ ಮತ್ತೆ ಮತ್ತೆ ಬರುವ ಭಾಗಗಳನ್ನು ಚಿಕ್ಕ ಗುರುತುಗಳಾಗಿ ಮಾಡಿ ಅಡಕಗೊಳಿಸಿರುತ್ತಾರೆ. ಆ ಗುರುತುಗಳ ಕ್ರಮ ತಿಳಿಯದವನಿಗೆ ಗಂಟು ಬಿಚ್ಚದು. ಕ್ರಮಗಳು ಬೇರೆಬೇರೆಯಾದುದಕ್ಕೆ ಕಾರಣವೂ ಉಂಟು. ಹಳೆಯ ಮ್ಯಾಕಿಂಟಾಷಿನಲ್ಲಿ ಕಡತಕ್ಕೆ ಎರಡು ಕವಲು: ಒಂದರಲ್ಲಿ ವಿಷಯ, ಇನ್ನೊಂದರಲ್ಲಿ ಚಿಹ್ನೆ ಮೊದಲಾದ ಪರಿಕರ. ಉಳಿದ ಯಂತ್ರಗಳಲ್ಲಿ ಆ ಎರಡನೆಯದಕ್ಕೆ ಸಾಮಾನ್ಯವಾಗಿ ತಾವೇ ಇರಲಿಲ್ಲ. ಆದ್ದರಿಂದ ಭೇದವೆಲ್ಲ ದುರುದ್ದೇಶದ್ದಲ್ಲ. ಆದರೆ ಭೇದ ಬೇರೆ, ಗುಟ್ಟು ಬೇರೆ.

ಕಷ್ಟಪಟ್ಟು ಕಂಡುಕೊಂಡ ವಿದ್ಯೆಯನ್ನು ಗುಟ್ಟಾಗಿಟ್ಟು ಮಾರಿದರೆ ತಪ್ಪೇನು ಎಂದು ಕೇಳಬಹುದು. ದುಡಿದವನಿಗೆ ಕೂಲಿ ಸಲ್ಲಲೇಬೇಕು. ಆದರೆ ಬೀಗ ಮಾರಿದವನಿಗೆ ಪೆಟ್ಟಿಗೆಯೊಳಗಿನ ಒಡವೆಯ ಮೇಲೂ ಅಧಿಕಾರವುಂಟೆ?

ಈ ಪ್ರಶ್ನೆಗೆ ಫಿಲ್ ಕಾಟ್ಜ್ ಎಂಬಾತನ ಕತೆ ಬೆಳಕು ಕೊಡುತ್ತದೆ. ಅವನೇನೂ ಸಂತನಲ್ಲ. ‘ಆರ್ಕ್’ ಎಂಬ ಗಂಟಿನ ಒಡೆಯರು ತಮ್ಮದನ್ನು ನಕಲು ಮಾಡಿದನೆಂದು 1988ರಲ್ಲಿ ಅವನ ಮೇಲೆ ದಾವೆ ಹೂಡಿದರು, ರಾಜಿಯಾಯಿತು. ಮರುವರ್ಷ, 1989ರಲ್ಲಿ, ಅವನು ‘ಜಿಪ್’ ಎಂಬ ಹೊಸ ಗಂಟನ್ನು ತಂದ. ತನ್ನ ತಂತ್ರಾಂಶವನ್ನು ಮಾರಿದ. ಗಂಟಿನ ಹೆಣಿಗೆಯ ವಿವರವನ್ನು ಮಾತ್ರ ಎಲ್ಲರಿಗೂ ಪ್ರಕಟಿಸಿಬಿಟ್ಟ. ಇಂದಿನ ವರ್ಡ್ ಕಡತವೂ ಇ-ಪುಸ್ತಕವೂ ಒಳಗೆ ಜಿಪ್ ಗಂಟುಗಳೇ. 1993ರಲ್ಲಿ ‘ರಾರ್’ ತಂದ ಯೂಜೀನ್ ರೋಶಾಲ್ ಕಟ್ಟುವ ವಿದ್ಯೆಯನ್ನು ತನ್ನಲ್ಲೇ ಇಟ್ಟುಕೊಂಡ. ಬಿಚ್ಚುವ ತಂತ್ರಾಂಶದ ಮೂಲವನ್ನು ಮಾತ್ರ, ಅದರಿಂದ ಕಟ್ಟುವ ವಿದ್ಯೆಯನ್ನು ಪುನಃ ರಚಿಸಕೂಡದೆಂಬ ಷರತ್ತಿನ ಮೇಲೆ, ಬಿಟ್ಟುಕೊಟ್ಟ.

ನನಗೆ ನ್ಯಾಯದ ಗೆರೆ ಇಲ್ಲಿಯೇ ಕಾಣುತ್ತದೆ. ಕಟ್ಟುವ ವಿದ್ಯೆ ಮಾರಾಟದ ಸರಕಾಗಬಹುದು. ಬಿಚ್ಚುವ ದಾರಿ ಆಗಬಾರದು. ಏಕೆಂದರೆ ಗಂಟಿನಲ್ಲಿರುವುದು ಕಟ್ಟಿಕೊಟ್ಟವನ ಸ್ವತ್ತಲ್ಲ; ಬಿಚ್ಚಬೇಕಾದವನು ಒಮ್ಮೊಮ್ಮೆ ಇನ್ನೂ ಹುಟ್ಟಿಯೇ ಇರುವುದಿಲ್ಲ.

ಕೊನೆಗೆ ಪಕ್ಕದ ಮನೆಯ ಹುಡುಗ ಒಂದು ತಂತ್ರಾಂಶ ಹುಡುಕಿ ತಂದ. ಯಾರೋ ಅಪರಿಚಿತರು ಆ ಹೆಣಿಗೆಯನ್ನು ತಾವೇ ಶೋಧಿಸಿ, ಧರ್ಮಾರ್ಥವಾಗಿ ಹಂಚಿದ್ದರು. ತಂದೆಯವರ ಅಕ್ಷರ ಪರದೆಯ ಮೇಲೆ ಮೂಡಿತು: ‘ಚಿ. ಮಗನಿಗೆ ಆಶೀರ್ವಾದ’.

ಅಣ್ಣನದೂ ತಪ್ಪಲ್ಲ, ತನ್ನ ಯಂತ್ರ ಎಂದೆಂದಿಗೂ ಇರುವುದೆಂದು ನಂಬಿದ್ದ. ನಾವೆಲ್ಲ ಹಾಗೆಯೇ ನಂಬುತ್ತೇವೆ. ಈಗ ಆ ಚಿತ್ರಗಳನ್ನು ಮೊಮ್ಮಗಳಿಗಾಗಿ ಯಾವ ಗಂಟಿಗೂ ಹಾಕದೆ ಬಿಡಿಬಿಡಿಯಾಗಿಯೇ ಇರಿಸಿದ್ದೇನೆ. ಜಾಗ ಸ್ವಲ್ಪ ಹೆಚ್ಚು ಹಿಡಿಯಿತು, ಹಿಡಿಯಲಿ.